ಮೂಗಿನ ಯಜಮಾನರು

ನನ್ನ ಗಂಡನ ಮೂಗಿನ ವಿಷಯ ಈ ಬೀದಿಗೆಲ್ಲ ಗೊತ್ತು. ಗೊತ್ತಾಗಲಿ ಎಂದೇ ಅವರು ಅದನ್ನು ಮುಂದೆ ಮಾಡಿಕೊಂಡು ತಿರುಗುತ್ತಾರೆ. ಯಾರಾದರೂ "ಮೂಗಿನ ಯಜಮಾನರು" ಎಂದು ಕರೆದರೆ ಸಾಕು, ಹಿಗ್ಗಿ ಹೀರೇಕಾಯಿ ಆಗಿಬಿಡುತ್ತಾರೆ.

ನಮ್ಮದು ಸುಶಿ ಅಂಗಡಿ. ದೊಡ್ಡದೇನಲ್ಲ. ಮೊದಲು ಚಪ್ಪಲಿ ಮಾರುತ್ತಿದ್ದ ಜಾಗ, ಕಟ್ಟೆಯ ಮುಂದೆ ಆರು ಸ್ಟೂಲು, ಗೋಡೆಗೆ ಒತ್ತಿ ಮೂರು ಮೇಜು. ಪರದೆಯ ಹಿಂದೆ ನಾನು. ಅನ್ನ ಬೇಯಿಸುವುದು, ಬಿಸಿ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ ಬೀಸಣಿಗೆ ಬೀಸಿ ಆರಿಸುವುದು, ಮೀನಿನ ಹೊಟ್ಟೆ ಬಗೆದು ಮುಳ್ಳು ಕೀಳುವುದು, ಆಮೇಲೆ ರಾಶಿ ಪಾತ್ರೆ ತೊಳೆಯುವುದು. ಪರದೆಯ ಮುಂದೆ ಅವರು. ಬಿಳಿ ಅಂಗಿ, ತಲೆಗೆ ಬಟ್ಟೆ, ಕೈಯಲ್ಲಿ ಚೂರಿ. ಅನ್ನದ ಪುಟ್ಟ ಉಂಡೆ ಮಾಡಿ, ಮೇಲೊಂದು ಹಸಿ ಮೀನಿನ ಹೋಳು ಒತ್ತಿ ಗಿರಾಕಿಯ ಮುಂದೆ ಇಟ್ಟರೆ ಮುಗಿಯಿತು. ಆದರೆ ಇಡುವ ಮೊದಲು ಒಂದು ನಾಟಕ ಆಗಬೇಕು. ಹೋಳನ್ನು ಅಂಗೈ ಮೇಲಿಟ್ಟು ಮೂಗಿನ ಹತ್ತಿರ ತರುತ್ತಾರೆ. ಕಣ್ಣು ಮುಚ್ಚುತ್ತಾರೆ. ಎದೆ ಉಬ್ಬುವಷ್ಟು ಉಸಿರೆಳೆದು, "ಹ್ಞಾಂ" ಎನ್ನುತ್ತಾರೆ. ಕೂತವರೂ ತಮ್ಮ ಉಸಿರನ್ನು ಆಗಲೇ ಬಿಡುವುದು. ಅಬ್ಬಾ, ಅದೇನು ಗಾಂಭೀರ್ಯ! ಮುಳ್ಳು ಕಿತ್ತು ಕೊಟ್ಟವಳು ಪರದೆ ಸಂದಿಯಿಂದ ನೋಡುತ್ತಿರುತ್ತೇನೆ, ನನ್ನ ಉಗುರಿನಲ್ಲಿ ಇನ್ನೂ ಮೀನಿನ ಪೊರೆ ಇರುತ್ತದೆ.

ಗಿರಾಕಿಗಳನ್ನೂ ಅವರು ಸುಮ್ಮನೆ ಬಿಡುವವರಲ್ಲ. ಸೋಯಾ ಸಾಸಿನಲ್ಲಿ ಅನ್ನದ ಕಡೆ ಅದ್ದಿದರೆ ಬೈಗುಳ, ಮೀನಿನ ಕಡೆ ಅದ್ದಬೇಕು. ಫೋನಿನಲ್ಲಿ ಮಾತಾಡುತ್ತ ತಿಂದರೆ ಬೈಗುಳ. ಸೆಂಟು ಹಚ್ಚಿಕೊಂಡು ಬಂದವರಿಗಂತೂ ಬಾಗಿಲಲ್ಲೇ ಮಂಗಳಾರತಿ. ಒಮ್ಮೆ ಬ್ಯಾಂಕಿನ ಗುಮಾಸ್ತರೊಬ್ಬರನ್ನು, ವಾರಕ್ಕೊಮ್ಮೆ ತಪ್ಪದೆ ಬರುವ ಪಾಪದ ಮನುಷ್ಯ, ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದರು.

"ಎಷ್ಟು ಸೆಂಟು ಸುರ್ಕೊಂಡಿದ್ದೀರಿ ಸ್ವಾಮಿ? ಮೂಗು ಒಡೀತಾ ಇದೆ!"

"ಇಲ್ಲಪ್ಪ, ನಾನು ಸೋಪು ಬಿಟ್ಟು ಇನ್ನೇನೂ ಮುಟ್ಟಿಲ್ಲ," ಎಂದು ಆ ಮನುಷ್ಯ ಅಂಗಿಯ ತೋಳನ್ನು ಮೂಸಿ ಮೂಸಿ ನೋಡಿಕೊಂಡರು. ನಾನೂ ಹೋಗಿ ಹತ್ತಿರ ನಿಂತೆ. ನನಗೇನೂ ಬರಲಿಲ್ಲ. ಯಜಮಾನರಿಗೆ ಬಂದಿದೆ ಎಂದಮೇಲೆ ಬಂದಿರಬೇಕು ಎಂದುಕೊಂಡು ಒಳಗೆ ಹೋದೆ.

ಹೀಗೆ ಅಂದುಕೊಳ್ಳುವುದು ನನಗೆ ನಾಲ್ಕು ವರ್ಷದಿಂದ ಅಭ್ಯಾಸವಾಗಿಹೋಗಿತ್ತು. ಆಗ ಅವರಿಗೆ ಕೆಟ್ಟ ಜ್ವರ ಬಂದು ಹಾಸಿಗೆ ಹಿಡಿದಿದ್ದರು. ಎದ್ದ ಮೇಲೆ ಅಂಗಡಿಯಲ್ಲಿ ಒಂದು ಹೊಸ ಕಾನೂನು ಬಂತು. ಬೆಳಿಗ್ಗೆ ಮೀನಿನ ಪೆಟ್ಟಿಗೆ ಬಂದ ಕೂಡಲೇ ಮೊದಲು ನಾನು ಮೂಸಬೇಕು, ಆಮೇಲೆ ಅವರು. "ಮೊದಲ ಜರಡಿ ನೀನು, ಕೊನೇ ಮಾತು ನಂದು," ಎನ್ನುತ್ತಿದ್ದರು. ನಾನು ಚೆನ್ನಾಗಿದೆ ಎಂದರೆ ಅವರೂ ಮೂಸಿ ತಲೆ ಆಡಿಸುತ್ತಿದ್ದರು. ನಾನು ಬೇಡ ಎಂದರೆ ಅವರೂ ಮುಖ ಕಿವುಚುತ್ತಿದ್ದರು. ನಮ್ಮಿಬ್ಬರಲ್ಲಿ ಎಷ್ಟು ಹೊಂದಾಣಿಕೆ ಎಂದು ನಾನು ಪೆದ್ದಿ ಖುಷಿಪಟ್ಟಿದ್ದೂ ಉಂಟು.

ಹೊಂದಾಣಿಕೆ ಇಲ್ಲದ್ದು ಮನೆಯಲ್ಲಿ. ಅಲ್ಲಿ ಅವರಿಗೆ ಬರುವ ವಾಸನೆ ಒಂದೂ ನನಗೆ ಬರುತ್ತಿರಲಿಲ್ಲ. ಲೋಟ ಬಾಯಿಗಿಡುವ ಮೊದಲೇ "ಹಾಲು ಸೀದಿದೆ" ಎನ್ನುವರು. "ಎಣ್ಣೆ ಕಮಟು ಹಿಡಿದಿದೆ." "ದಿಂಬಿನ ಚೀಲ ಮುಗ್ಗಲು ನಾತ, ಇದರ ಮೇಲೆ ಮನುಷ್ಯ ಮಲಗ್ತಾನಾ?" ನಾನು ಪಾತ್ರೆಯ ತಳ ತಿಕ್ಕಿದೆ, ಬೆರಳ ತುದಿ ಸುಲಿಯುವ ತನಕ ತಿಕ್ಕಿದೆ. ಎಣ್ಣೆ ಬದಲಾಯಿಸಿದೆ. ದಿಂಬು ಒಗೆದೆ, ಮತ್ತೆ ಒಗೆದೆ. ಮೂಗಿಗೆ ಒತ್ತಿಕೊಂಡು ಮೂಸಿದರೂ ನನಗೆ ಬರುತ್ತಿದ್ದದ್ದು ಸೋಪಿನ ವಾಸನೆ ಮಾತ್ರ.

"ಅಕ್ಕಾ, ನನ್ನ ಮೂಗು ಹೋಯ್ತು ಕಣೇ," ಎಂದು ನನ್ನ ಅಕ್ಕನ ಹತ್ತಿರ ಅತ್ತಿದ್ದೆ. ಅವಳೇ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಕಣ್ಣು ಮುಚ್ಚಿಸಿ ಕಾಫಿಪುಡಿ, ಸೋಪು, ನಿಂಬೆಸಿಪ್ಪೆ ಎಲ್ಲ ಹಿಡಿದು ನೋಡಿ, "ಏನೂ ಆಗಿಲ್ಲಮ್ಮ," ಎಂದರು. ಮನೆಗೆ ಬಂದು ಹೇಳಿದೆ. ಯಜಮಾನರು ನಕ್ಕರು. "ಡಾಕ್ಟರಿಗೇನು ಗೊತ್ತು, ಮೂಗಿನ ವಿಷಯ?"

ನನ್ನ ಭಯ ಹಾಲಿನದಲ್ಲ. ಹಸಿ ಮೀನು ಬಡಿಸುವ ಅಂಗಡಿ ನಮ್ಮದು. ಬೆಂಕಿ ತಾಗಿಸಿ ತಪ್ಪು ಮುಚ್ಚುವ ಹಾಗಿಲ್ಲ. ಒಳಗಿರುವ ಹೆಂಗಸಿನ ಮೂಗು ಕೆಟ್ಟರೆ ಒಂದು ದಿನ ಯಾರೋ ಊಟಕ್ಕೆ ಬಂದವರು ಆಸ್ಪತ್ರೆ ಸೇರುತ್ತಾರೆ, ಅದಕ್ಕೆ ಕಾರಣ ನಾನಾಗುತ್ತೇನೆ. ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದೊಂದು ಮೀನನ್ನೂ ಎರಡೆರಡು ಸಲ ಮೂಸುತ್ತಿದ್ದೆ.

ಆ ಶನಿವಾರ ಬೆಳಿಗ್ಗೆ ಮೀನಿನವನು ಬಂಗುಡೆ ತಂದ. ಮುಚ್ಚಳ ತೆಗೆದವಳು ಹಿಂದೆ ಸರಿದೆ.

"ಇದು ಬೇಡ ರೀ. ಹುಳಿ ನಾತ ಬರ್ತಿದೆ."

ಮೀನಿನವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಅಮ್ಮಾವ್ರಿಗೆ ಏನೋ ಅನುಮಾನ. ನೀವೇ ನೋಡಿ ಯಜಮಾನ್ರೆ, ನಿಮ್ಮ ಮೂಗಿನ ಮುಂದೆ ನಮ್ಮ ಆಟ ನಡೆಯುತ್ತಾ?" ಎಂದು ಹಲ್ಲು ಕಿರಿದ.

ಬೇರೆ ದಿನವಾಗಿದ್ದರೆ ಇವರು ಮುಖ ಕಿವುಚಿ ಪೆಟ್ಟಿಗೆ ತಳ್ಳುತ್ತಿದ್ದರು. ಆದರೆ ಮೀನಿನವನ ಎದುರು ಹೆಂಡತಿಯ ಮಾತಿಗೆ ಹೂಂಗುಟ್ಟಿದರೆ ಮರ್ಯಾದೆ ಏನಾಗಬೇಕು? ಕಣ್ಣು ಮುಚ್ಚಿದರು, ಉಸಿರೆಳೆದರು. "ಹ್ಞಾಂ. ಫಸ್ಟ್ ಕ್ಲಾಸ್ ಮಾಲು." ಆಮೇಲೆ ನನ್ನ ಕಡೆ ನೋಡಿ, "ಮನೇಲಿ ಹಾಲು ಸೀಯೋದು ಗೊತ್ತಾಗಲ್ಲ, ಇಲ್ಲಿ ಮೀನು ಪರೀಕ್ಷೆ ಮಾಡ್ತಾಳೆ," ಎಂದರು. ಮೀನಿನವನು ಕಿಸಕ್ಕನೆ ನಕ್ಕ.

ನಾನು ಪೆಟ್ಟಿಗೆ ಒಳಗೆ ಎಳೆದುಕೊಂಡೆ. ಬಂಗುಡೆಗೆ ಉಪ್ಪು ಸವರಿದೆ, ವಿನೆಗರಿನಲ್ಲಿ ನೆನೆಸಿದೆ. ವಿನೆಗರಿನ ಘಾಟಿಗೆ ಬೇರೇನೂ ತಿಳಿಯದಾಯಿತು.

ಸಂಜೆ ಅಂಗಡಿ ತುಂಬಿತ್ತು. ಗುಮಾಸ್ತರು ಮೂಲೆಯ ಸ್ಟೂಲಿನಲ್ಲಿದ್ದರು. ನಡುವೆ ಹೊಸದಾಗಿ ಮದುವೆಯಾದ ಜೋಡಿಯೊಂದು ಕೂತಿತ್ತು. ಅವರ ಮುಂದೆ ಆಗಷ್ಟೇ ಬಂಗುಡೆಯ ತಟ್ಟೆ ಬಂದಿತ್ತು. ಹುಡುಗಿ ಒಂದನ್ನು ಎತ್ತಿದವಳು ಹಾಗೇ ನಿಲ್ಲಿಸಿದಳು.

"ಏನೋ ಒಂಥರಾ ವಾಸನೆ ಅಲ್ವಾ?" ಎಂದು ಗಂಡನ ಕಿವಿಯಲ್ಲಿ ಅಂದಳು.

"ಸುಮ್ನಿರೇ, ಅವರಿಗೆ ಗೊತ್ತಿರಲ್ವಾ?" ಎಂದ ಅವನು.

ಯಜಮಾನರಿಗೆ ಕೇಳಿಸಿತು. ಅವಳ ತಟ್ಟೆಯಿಂದ ಒಂದು ಹೋಳು ಎತ್ತಿಕೊಂಡು, ಎಲ್ಲರೂ ನೋಡುವ ಹಾಗೆ ಮೂಸಿ, ಗುಳುಂ ಮಾಡಿದರು. "ಬೆಣ್ಣೆ ಕಣಮ್ಮ, ಬೆಣ್ಣೆ! ನಿಮ್ಮ ಮೂಗು ಇನ್ನೂ ಪಳಗಬೇಕು. ತಿನ್ನಿ ತಿನ್ನಿ." ಹುಡುಗಿಯ ಮುಖ ಕೆಂಪಾಯಿತು. ನಾಚಿಕೆಗೆ ತಿಂದುಬಿಡುತ್ತಾಳೆ ಎನ್ನಿಸಿತು.

ನಾನು ಪರದೆಯ ಬಾಯಲ್ಲಿ ನಿಂತಿದ್ದೆ. ಅಲ್ಲಿಯ ತನಕ ಬಂತು ವಾಸನೆ, ಬೆಳಗಿನದೇ ಹುಳಿ ನಾತ, ಈಗ ಇನ್ನೂ ಜೋರು. ಬಂತೋ ಇಲ್ಲವೋ? ನನ್ನ ಮೂಗನ್ನು ನಂಬಲೇ? ಆದರೆ ಅವಳಿಗೂ ಬಂದಿದೆಯಲ್ಲ, ಎಂದುಕೊಂಡೆ. ಇಬ್ಬರು ಹೆಂಗಸರಿಗೆ ಬಂದ ವಾಸನೆ ಸುಳ್ಳಾಗುತ್ತದೆಯೇ? ಹೋಗಿ ಅವಳ ಕೈಯಿಂದ ಅದನ್ನು ಕಿತ್ತು ತಟ್ಟೆಗೆ ಹಾಕಿದೆ.

"ತಿನ್ಬೇಡ ಕಣಮ್ಮ. ಕೆಟ್ಟಿದೆ."

"ಏ, ತಲೆ ಕೆಟ್ಟಿದೆಯಾ ನಿಂಗೆ?" ಇವರ ದನಿ ಬೀದಿಗೆ ಕೇಳಿಸಿರಬೇಕು.

"ಹಾಗಾದ್ರೆ ಇನ್ನೊಂದ್ಸಲ ಮೂಸಿ ಹೇಳಿ," ಎಂದೆ. "ಎಲ್ಲರೆದುರೇ ಹೇಳಿ."

ಅಷ್ಟು ಸಾಕಾಯಿತು ಅವರಿಗೆ. ಎದೆ ಉಬ್ಬಿಸಿದರು, ಗಲ್ಲ ಎತ್ತಿದರು, ಕಣ್ಣು ಮುಚ್ಚಿದರು. ಹೋಳು ಎತ್ತಿ ಹಿಡಿಯಲು ಬಲಗೈ ಚಾಚಿದೆ; ನನ್ನ ಎಡಗೈಯಲ್ಲಿ ಪಾತ್ರೆ ತೊಳೆಯುವ ತೊಟ್ಟಿ ಒರೆಸಿದ ಬಟ್ಟೆ ಇತ್ತು. ವಾರದಿಂದ ಒಗೆಯದ ಬಟ್ಟೆ. ಮೀನಿನ ಕರುಳು, ಕೊಳೆತ ಅನ್ನ, ಏನೆಲ್ಲ ಒರೆಸಿದ್ದೆನೋ ದೇವರಿಗೇ ಗೊತ್ತು. ಯೋಚನೆ ಮಾಡಿ ಮಾಡಿದ್ದಲ್ಲ. ಅದನ್ನೇ ಎತ್ತಿ ಅವರ ಮೂಗಿನ ಕೆಳಗೆ ಹಿಡಿದೆ. ಪಕ್ಕದಲ್ಲಿದ್ದ ಹುಡುಗಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಅವರು ನಿಧಾನಕ್ಕೆ, ದೀರ್ಘವಾಗಿ ಉಸಿರೆಳೆದರು.

"ಹ್ಞಾಂ," ಎಂದರು. "ಸಮುದ್ರದ ಗಾಳಿ ಬೀಸಿದ ಹಾಗಿದೆ. ಒಳ್ಳೇ ತಾಜಾ."

ಗುಮಾಸ್ತರು ಬಾಯಲ್ಲಿದ್ದದ್ದನ್ನು ಕಾಗದಕ್ಕೆ ಉಗಿದರು. ಇವರು ಕಣ್ಣು ಬಿಟ್ಟರು, ಬಟ್ಟೆ ನೋಡಿದರು, ನನ್ನನ್ನು ನೋಡಿದರು. ನನಗೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ಇಂಥ ಮನುಷ್ಯನ ಮುಂದೆ ಇಷ್ಟು ವರ್ಷ ತಲೆ ತಗ್ಗಿಸಿ ನಿಂತೆನಲ್ಲ ಎಂದು ಮೈ ಉರಿಯಿತು.

"ಯಾವಾಗಿಂದ?" ಎಂದೆ.

"ಆ ಜ್ವರ ಬಂದಾಗಿಂದ," ಎಂದರು. "ವಾಸನೆ ಬರಲ್ಲ. ರುಚೀನೂ ಅಷ್ಟಕ್ಕಷ್ಟೇ. ಹೇಳಿದ್ರೆ ಅಂಗಡಿ ನಡೀತಿತ್ತಾ? ನೀನು ಇದ್ದೆಯಲ್ಲ ಹೇಗೂ, ಮೂಸೋಕೆ."

ಹುಡುಗಿ ಗಂಡನನ್ನು ಎಬ್ಬಿಸಿಕೊಂಡು ಹೊರಟಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ನಾನು ಬಂಗುಡೆಯ ತಟ್ಟೆಗಳನ್ನೆಲ್ಲ ಕಸದ ಬುಟ್ಟಿಗೆ ಸುರಿಯುತ್ತಿದ್ದೆ. ಆಗ ಹೊಳೆಯಿತು. ಕೈ ಅಲ್ಲೇ ನಿಂತಿತು.

"ರೀ, ಮತ್ತೆ ಮನೇಲಿ? ಮೊನ್ನೆ ಅಕ್ಕನ ಮುಂದೆ ಹಾಲಿನ ಪಾತ್ರೆ ಎತ್ತಿ ಸಿಂಕಿಗೆ ಸುರಿದ್ರಲ್ಲ, ಸೀದಿದೆ ಅಂತ? ನಿಮಗೆ ಯಾವ ವಾಸನೆ ಬಂದಿತ್ತು?"

ಅವರು ಚೂರಿ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವುದೂ ಇಲ್ಲ," ಎಂದರು. "ಏನಾದ್ರೂ ಒಂದು ಹೇಳ್ಬೇಕಲ್ಲ, ಗಂಡ ಅಂದ್ಮೇಲೆ."