ಹುಳಿಗೆ ಉಪ್ಪು ಹಾಕಿದ್ದೆನೇ?

ಎರಡು ವರ್ಷದ ಹಿಂದಿನ ಮಾತು. ನನಗಾಗ ನಲವತ್ತೊಂಬತ್ತು. ಅಂದು ಶುಕ್ರವಾರ ಎಂದು ಬರೆಯಹೊರಟೆ, ಖಾತ್ರಿಯಿಲ್ಲ, ಬಿಡುತ್ತೇನೆ.

ಪೆರಂಬೂರಿನಲ್ಲಿ ನಮ್ಮದೊಂದು ಚಿಕ್ಕ ಸಸ್ಯಾಹಾರಿ ಹೋಟೆಲು. ಮಧ್ಯಾಹ್ನದ ಊಟಕ್ಕೆ ಹುಳಿ ಮಾಡುವುದು ನನ್ನ ಪಾಲಿನ ಕೆಲಸ. ದೇವರಿಗೆ ನೈವೇದ್ಯವಾಗುವ ತನಕ ನಮ್ಮಲ್ಲಿ ಯಾರೂ ರುಚಿ ನೋಡುವಂತಿಲ್ಲ, ಉಪ್ಪೆಲ್ಲ ಕೈಯಳತೆಯಲ್ಲೇ. ಅಂದು ಹುಳಿ ಕುದಿಯುತ್ತಿತ್ತು. ಉಪ್ಪಿನ ಭರಣಿಯ ಮುಂದೆ ನಿಂತವಳಿಗೆ ಹಾಕಿ ಆಯಿತೋ, ಇನ್ನು ಹಾಕಬೇಕೋ ತಿಳಿಯಲಿಲ್ಲ. ಕೈ ನೋಡಿಕೊಂಡೆ. ಒದ್ದೆಯಾಗಿತ್ತು, ಅಷ್ಟೇ. ಹೊರಗಿನಿಂದ ಯಾರೋ ರೈಲ್ವೆ ವರ್ಕ್‌ಶಾಪಿನವರು, "ಅಮ್ಮಾ, ಸಾಪಾಡು ರೆಡಿಯಾ?" ಎಂದು ತಮಿಳಿನಲ್ಲಿ ಊಟಕ್ಕೆ ಕೂಗಿದರು.

ಕೆಲವು ತಿಂಗಳಿಂದ ಹೀಗೇ. ಮುಟ್ಟು ತಪ್ಪುತ್ತಿತ್ತು, ಇದ್ದಕ್ಕಿದ್ದಂತೆ ಮೈ ಬೆವರುತ್ತಿತ್ತು, ಪರಿಚಿತರ ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಬುದ್ಧಿಯೇ ಮಂಕಾಗುತ್ತಿದೆಯೆಂದು ಹೆದರಿದ್ದೆ. ಹೇಳಿದರೆ ಒಲೆಯ ಮುಂದಿನಿಂದ ಎಬ್ಬಿಸಿಬಿಡುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಅಂದು ಅಳು ತಡೆಯಲಾಗಲಿಲ್ಲ.

ಬೀನ್ಸ್ ಹೆಚ್ಚುತ್ತಿದ್ದ ಅತ್ತೆ ತಲೆಯೆತ್ತಿದರು. "ಎಂತ ಆಯ್ತು ಮಾರಾಯ್ತಿ?"

ಎಲ್ಲ ಹೇಳಿದೆ.

"ಅಷ್ಟೆಯಾ? ನಿನ್ನ ಪ್ರಾಯದಲ್ಲಿ ನಂಗೂ ಹಾಗೇ. ಒಂದು ದಿನ ಎರಡೆರಡು ಸಲ ಉಪ್ಪು ಹಾಕಿ, ಪಾತ್ರೆಯ ಹುಳಿ ಪೂರ್ತಿ ಚೆಲ್ಲಿದ್ದು. ನಿನ್ನ ಮಾವ ಭಟ್ರಿಗೆ ಬೈದ್ರು. ನಾನು ಸುಮ್ಮನಿದ್ದೆ."

ಭಟ್ಟರು ನಮ್ಮಲ್ಲಿ ಮೂವತ್ತು ವರ್ಷ ದಾಟಿಸಿದ ಅಡುಗೆಯವರು. ಕಾವಲಿಯ ಬಳಿಯಿಂದ ಸಟ್ಟುಗ ಹಿಡಿದೇ ತಿರುಗಿದರು. "ಅಯ್ಯಯ್ಯೋ, ಅದು ನೀವಾ ಅಮ್ಮ? ನಾನೇ ಹಾಕಿದ್ದು ಅಂತ ಇಷ್ಟು ವರ್ಷ ಕೊರಗಿದ್ದೆ! ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪುಂಟು!"

"ಹಾಗಾದ್ರೆ ನೀವೂ ಹಾಕಿರ್ಬಹುದು," ಎಂದರು ಅತ್ತೆ.

ನಗು ತಡೆಯಲಾರದೆ ನಾನು ಅಲ್ಲೇ ಕುಳಿತೆ. "ಮತ್ತೆ ಸರಿ ಆಯ್ತಾ ಅತ್ತೆ?"

"ಎರಡು ಮೂರು ವರ್ಷ ಹಿಡೀತು. ಈಗ ನೋಡು, ಎಪ್ಪತ್ತೆಂಟಕ್ಕೂ ನಿನ್ನ ತಪ್ಪೆಲ್ಲ ನೆನಪುಂಟು. ಹೋಗು, ದೇವರಿಗೆ ಇಡು. ಅವನಿಗೆ ಗೊತ್ತಿಲ್ವಾ ನಿನ್ನ ಪ್ರಾಯ?"

ನೈವೇದ್ಯ ಮಾಡಿ ರುಚಿ ನೋಡಿದೆವು. ಇಲ್ಲಿಂದ ಮುಂದೆ ನಮ್ಮ ನೆನಪುಗಳು ಬೇರೆ ಬೇರೆ. ಉಪ್ಪು ಸರಿಯಿತ್ತು ಎನ್ನುತ್ತೇನೆ ನಾನು. ಹಾಕಿಯೇ ಇರಲಿಲ್ಲ ಎನ್ನುತ್ತಾರೆ ಭಟ್ಟರು. ಅತ್ತೆಯ ಪ್ರಕಾರ ಅಂದು ಮಾಡಿದ್ದು ಹುಳಿಯೇ ಅಲ್ಲ, ಸಾರು.

ಮುಟ್ಟು ನಿಲ್ಲುವ ಹೊತ್ತಿಗೆ ಹಾರ್ಮೋನಿನ ಏರಿಳಿತದಿಂದ ಹೀಗಾಗುವುದುಂಟು, ಬಹಳ ಜನಕ್ಕೆ ತಾನಾಗಿ ಕಡಿಮೆಯಾಗುತ್ತದೆ ಎಂದು ಡಾಕ್ಟರೂ ಆಮೇಲೆ ಹೇಳಿದರು. ನನಗೂ ಕಡಿಮೆಯಾಗುತ್ತಿದೆ. ಈಗಲೂ ಅನುಮಾನ ಬಂದ ದಿನ ಮುಚ್ಚಿಡದೆ, ಉಪ್ಪು ಹಾಕಿದ್ದೆನೇ ಎಂದು ಜೋರಾಗಿಯೇ ಕೇಳುತ್ತೇನೆ. ಅಡುಗೆಮನೆಯ ಎರಡು ಮೂಲೆಯಿಂದ ಎರಡು ಉತ್ತರ ಬರುತ್ತವೆ. ಒಲೆಯ ಮುಂದೆ ಮಾತ್ರ ನಾನೇ ಇದ್ದೇನೆ.