ಬಗ್ಗಬಾರದ ಮದುಮಗ

ಆಸ್ಪತ್ರೆಯವರು ಕೊಟ್ಟ ಸೊಂಟದ ಪಟ್ಟಿಗೆ ಹೊಸ ರಬ್ಬರಿನ ವಾಸನೆ. ದಿನಕ್ಕೆ ಮೂರು ಸಲ ಬಿಚ್ಚಿ, ಮೂಸಿ, ಮತ್ತೆ ಬಿಗಿಯುತ್ತೇನೆ, ಬೇರೆ ಉದ್ಯೋಗವಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮೂರು ವಾರವಾಯಿತು. ನೋವು ಹೋಗಿದೆ. ಹೋದದ್ದು ಮರಳಿ ಬಂದೀತೇ ಎಂಬ ಪ್ರಶ್ನೆ ಮಾತ್ರ ಹಾಸಿಗೆಯಲ್ಲಿ ನನ್ನ ಪಕ್ಕದಲ್ಲೇ ಮಲಗಿದೆ. ಎದ್ದು ನಡೆಯಿರಿ ಎಂದು ಡಾಕ್ಟರರು ಹೇಳಿದ್ದಾರೆ. ನಾನೋ ಹಲಗೆಯಂತೆ ಬಿದ್ದುಕೊಂಡು, ನಮ್ಮ ಬಳಗದಲ್ಲಿ ಈ ಪ್ರಶ್ನೆಯನ್ನು ಮೊದಲು ಹೊತ್ತ ಮಹನೀಯರನ್ನು ನೆನೆಯುತ್ತಿದ್ದೇನೆ.

ಅವರು ನನ್ನ ಸೋದರಮಾವ ಶೇಷಗಿರಿ, ಭಟ್ಕಳದ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರರು. ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಮಾತು. ನಾನಾಗ ಕುಮಟೆಯಲ್ಲಿ ಕಾಲೇಜು ಓದುತ್ತಿದ್ದೆ. ಸೀಟಿ ಊದಿ ಊರ ಮಕ್ಕಳನ್ನೆಲ್ಲ ಬಗ್ಗಿಸಿ ಏಳಿಸುತ್ತಿದ್ದ ಮನುಷ್ಯ ಒಂದು ಬೆಳಿಗ್ಗೆ ತಾವೇ ಬಗ್ಗಿದವರು ಏಳಲಿಲ್ಲ. ಬೆನ್ನುಮೂಳೆಗಳ ನಡುವಿನ ಬಿಲ್ಲೆ ಹೊರಕ್ಕೆ ಜಾರಿ ಕಾಲಿನ ನರವನ್ನು ಒತ್ತುತ್ತಿದೆಯೆಂದು ತಿಳಿದದ್ದು ಮುಂಬಯಿಗೆ ಹೋದ ಮೇಲೆ. ಅಲ್ಲಿ ಕೊಯ್ದು ತೆಗೆದರು.

ಮನೆಗೆ ಬಿಡುವಾಗ ಸರ್ಜನ್ನರು ಹೇಳಿದ್ದಿಷ್ಟು: ಹೊರಗೆ ಬಂದ ತುಂಡನ್ನು ತೆಗೆದಿದ್ದೇನೆ, ಉಳಿದದ್ದು ಒಳಗೇ ಇದೆ, ಅದೇ ಬಾಗಿಲಿನಿಂದ ಇನ್ನೊಂದು ತುಂಡು ಬಂದರೂ ಬರಬಹುದು. ಹೆಚ್ಚಿನವರಿಗೆ ಬರುವುದಿಲ್ಲ. ಕೆಲವು ತಿಂಗಳು ಬಗ್ಗಬೇಡ, ಭಾರ ಎತ್ತಬೇಡ.

ಮಾವ ‘ಹೆಚ್ಚಿನವರಿಗೆ ಬರುವುದಿಲ್ಲ’ ಎಂಬುದನ್ನು ಮುಂಬಯಿಯಲ್ಲೇ ಬಿಟ್ಟು ಉಳಿದದ್ದನ್ನಷ್ಟೇ ಊರಿಗೆ ತಂದರು. ನೆಲಕ್ಕೆ ಬಿದ್ದ ಸಕಲ ವಸ್ತುಗಳೊಂದಿಗೂ ಸಂಬಂಧ ಕಡಿದುಕೊಂಡರು. ಸೀನು ಬಂದರೆ ಕಂಬ ಹಿಡಿದು, ದೇವರನ್ನು ನೆನೆದು ಸೀನುತ್ತಿದ್ದರು. ಸೀನಿದ ಮೇಲೆ ಮನೆಯೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿತ್ತು, “ಬಂತನಾ?”

“ಇಲ್ಲ. ಈ ಸಲ ಬಿಟ್ತು.”

ತೊಡಕೆಂದರೆ, ಎರಡು ತಿಂಗಳಿಗೆ ಅವರ ಮದುವೆ. ಹುಡುಗಿ ಕರ್ಕಿಯ ಶಾಂತಾ. ಮುಂಬಯಿಯಿಂದ ಮಾವ ನನಗೆ ಬರೆದ ಕಾಗದಗಳಲ್ಲಿ ಬೆನ್ನಿಗೆ ಸಿಕ್ಕಷ್ಟೇ ಪುಟಗಳು ಆಕೆಗೂ ಸಿಕ್ಕಿದ್ದವು. ಮದುಮಕ್ಕಳು ಹಿರಿಯರ ಕಾಲಿಗೆ ಬೀಳುವುದು ಪದ್ಧತಿ. ಶಾಂತೆಯ ಅಜ್ಜಿ ದೇವಮ್ಮ ಮೊದಲೇ ಹೇಳಿಕಳಿಸಿದ್ದರು: “ಕಾಲಿಗೆ ಬೀಳದ ಅಳಿಯ ನಮಗೆ ಬೇಡ.” ಕುಮಟೆಯಲ್ಲಿ, ಚೆನ್ನಾಗಿ ಬಗ್ಗಬಲ್ಲ ಇನ್ನೊಂದು ಗಂಡನ್ನು ಆಕೆ ನೋಡಿಟ್ಟಿದ್ದಾರೆಂದೂ ಸುದ್ದಿ. ಬಗ್ಗಿದರೆ ಬೆನ್ನು ಹೋದೀತು, ಬಗ್ಗದಿದ್ದರೆ ಶಾಂತಾ.

ಭಟ್ಕಳದಿಂದ ಕರ್ಕಿಗೆ ಹೊರಟ ದಿಬ್ಬಣ ನಡುದಾರಿಯ ಕಾಸರಕೋಡಿನಲ್ಲಿ ಹೊಳೆ ದಾಟಬೇಕು, ಆಗ ಸೇತುವೆಯಿಲ್ಲ. ಮಾವ ದೋಣಿಯ ನಡುವೆ ಧ್ವಜಸ್ತಂಭದಂತೆ ನಿಂತರು.

“ಕುಂತ್ಕಳಿ ಮಾಸ್ತರೆ, ದೋಣಿ ಮಗುಚ್ತದೆ,” ಎಂದ ಅಂಬಿಗ.

“ಕುಂತ್ರೆ ಬೆನ್ನು ಮಗುಚ್ತದೆ.”

“ಬೆನ್ನು ನಿಮ್ಮೊಬ್ಬರದು. ದೋಣಿಲಿ ಇಪ್ಪತ್ತು ಬೆನ್ನುಂಟು!”

ನಾವು ನಾಲ್ವರು ಅವರನ್ನು ಸುತ್ತಲೂ ತಬ್ಬಿ ನಿಂತು ಹೊಳೆ ದಾಟಿಸಿದೆವು.

ಚಪ್ಪರದಲ್ಲಿ ತಾಳಿ ಕಟ್ಟುವ ಮೊದಲೇ ಅಜ್ಜಿ ವಿಷಯ ತೆಗೆದರು. ಉಪಾಯ ಹೊಳೆದದ್ದು ಶಾಂತೆಗೆ. “ಅವರಿಗೆ ಬಗ್ಗೂಕಾಗದಿದ್ರೆ ನೀನೇ ಎತ್ತರಕ್ಕೆ ಹೋಗು ಅಜ್ಜಿ. ಶಾಲೆ ಮೇಜು ತರ್ಸಿದ್ರೆ ಆತು.”

“ಎಂತ? ನಾನೆಂತ ರಂಗಸ್ಥಳದ ವೇಷವನಾ, ಎಲ್ಲರಿಗೂ ಕಾಣೂಹಂಗೆ ನಿಂತ್ಕಳೂಕೆ?”

ಮೇಜು ಬಂತು. ಹಿರಿಯರು ಒಬ್ಬೊಬ್ಬರಾಗಿ ಸ್ಟೂಲಿನ ಮೇಲೆ ಕಾಲಿಟ್ಟು ಆರೋಹಣ ಮಾಡಿದರು. ಮಾವ ನೆಟ್ಟಗೆ ನಿಂತೇ ಪಾದ ಮುಟ್ಟಿದರು. ಒಬ್ಬ ದೊಡ್ಡಪ್ಪ ಆಶೀರ್ವಾದ ಮುಗಿದರೂ ಇಳಿಯಲಿಲ್ಲ. “ಅಡುಗೆಮನೆವರೆಗೂ ಕಾಣ್ತದೆ ಮಾರಾಯ್ರೆ” ಎಂದು ಪಾಯಸದ ಪ್ರಗತಿಯನ್ನು ಸಭೆಗೆ ವರದಿ ಮಾಡಿದರು. ಮರ್ಯಾದೆಯೆಲ್ಲ ಮೇಲೇ ಇದೆಯೆಂದು ಮನಗಂಡ ದೇವಮ್ಮ ಕೊನೆಗೆ ತಾವೂ ಹತ್ತಿದರು.

ಮೇಜಿನ ಒಂದು ಕಾಲು ಸಗಣಿ ಸಾರಿಸಿದ ಮೆತ್ತನೆ ನೆಲದೊಳಗೆ ಇಳಿಯಿತು. ಮೇಜು ವಾಲಿತು. ಅಜ್ಜಿ ತೇಲಿದಂತೆ ಮುಂದಕ್ಕೆ ಬಂದರು. ಮಾವ ಬಗ್ಗಿ, ಎರಡು ಕೈಯಲ್ಲಿ ಬಾಚಿ, ಅವರನ್ನು ಅನಾಮತ್ತಾಗಿ ಎತ್ತಿಕೊಂಡುಬಿಟ್ಟರು.

ವಾಲಗ ನಿಂತಿತು. ಅಜ್ಜಿಗೆ ಪೆಟ್ಟಾಯಿತೇ ಎಂದು ಒಬ್ಬರೂ ಕೇಳಲಿಲ್ಲ. ಚಪ್ಪರಕ್ಕೆ ಚಪ್ಪರವೇ ಮಾವನ ಬೆನ್ನನ್ನು ನೋಡುತ್ತಿತ್ತು.

“ಬಂತನಾ?” ಎಂದು ಕೇಳಿದವಳು ಶಾಂತಾ.

“ಗೊತ್ತಾಗ್ತಿಲ್ಲ,” ಎಂದರು ಮಾವ, ತುಟಿ ಮಾತ್ರ ಅಲ್ಲಾಡಿಸಿ.

“ನನ್ನ ಇಳ್ಸಾ ತಮಾ!”

“ಇಳ್ಸೂಕೆ ಬಗ್ಗಬೇಕಲ್ಲ ಅಜ್ಜಿ.”

ಹಾಗೆ ಅಜ್ಜಿಯನ್ನು ಹೊತ್ತೇ ಮಾವ ಚಪ್ಪರ ದಾಟಿ, ಎದೆಮಟ್ಟದ ಜಗಲಿಯ ಅಂಚಿಗೆ ನಡೆದು, ಗಾಜಿನ ಸಾಮಾನಿನಂತೆ ಕೂರಿಸಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ಅವರ ಬೆನ್ನನ್ನು ಒಮ್ಮೆ ಸವರಿದರು. “ಆತು. ನಮಸ್ಕಾರ ಮುಟ್ತು. ತಾಳಿ ಕಟ್ಟೂಕೆ ಹೇಳಿ.”

ಬಿಲ್ಲೆ ಮರಳಿ ಬರಲಿಲ್ಲ. ಅಜ್ಜಿಯನ್ನು ಎತ್ತಿದ್ದನ್ನು ಮಾವ ಸಾಹಸವೆಂದು ಹೇಳಿಕೊಂಡವರಲ್ಲ. “ಅದು ನನ್ನ ಪುಣ್ಯ, ನೀ ಹಂಗೆ ಮಾಡೂಕೆ ಹೋಗಬೇಡ,” ಎನ್ನುತ್ತಿದ್ದರು. ಕೊನೆತನಕ ಪೆನ್ಸಿಲ್ ಎತ್ತಲೂ ಮಂಡಿ ಮಡಚಿ ಕುಳಿತೇ ಎತ್ತಿದರು. ಅಷ್ಟು ಹೆದರಿಕೊಂಡಿದ್ದವರು ಆವತ್ತು ಹೇಗೆ ಬಗ್ಗಿದಿರಿ ಎಂದು ಒಮ್ಮೆ ಕೇಳಿದ್ದೆ.

“ಬೀಳ್ತಾ ಇದ್ದದ್ದು ಅಜ್ಜಿ ಮಾರಾಯ, ತೆಂಗಿನಕಾಯಲ್ಲ. ಬದಿಗೆ ಸರಿದು ನಿಂತ್ಕಳೂಕೆ ಆಗ್ತದನಾ?”

ಇಷ್ಟು ನೆನೆದ ಮೇಲೆ ಹಾಸಿಗೆಯಲ್ಲಿ ಬಿದ್ದಿರುವುದು ಯಾಕೋ ನಾಚಿಕೆಯೆನಿಸಿತು. ಡಾಕ್ಟರರು ಕಲಿಸಿದಂತೆ ಮಗ್ಗುಲಾಗಿ, ಕೈಯೂರಿ, ನಿಧಾನಕ್ಕೆ ಎದ್ದು ನಿಂತೆ. ಬಾಗಿಲವರೆಗೆ ನಡೆದೆ. ಮೆಟ್ಟಿಲು ಇಳಿದೆ. ಒಳಗಿನಿಂದ ಹೆಂಡತಿ ಕೂಗಿದಳು, “ಎಲ್ಲಿಗೆ ಹೊರಟ್ರಿ ಮಾರಾಯ್ರೆ, ಮೂರು ವಾರದಿಂದ ಏಳದವರು?”

“ಹೀಂಗೇ, ರಸ್ತೆವರೆಗೆ,” ಎಂದೆ. “ಯಾರಾದ್ರೂ ಬೀಳ್ತಿದ್ದಾರನಾ ನೋಡ್ಕಂಡು ಬರ್ತೆ.”