ಮಾಮ ಆರಿಸಿದ ಕ್ಯಾಲಿಪರ್

ಹೋದ ವಾರ ಪೊಳ್ಳಾಚಿಯ ಒಂದು ಹೋಟೆಲಿನಲ್ಲಿ ದೋಸೆಗೆ ಕಾಯುತ್ತ ಕೂತಿದ್ದೆ. ಕಾದ ಕಾವಲಿಗೆ ಕಡಲೆಕಾಯಿ ಎಣ್ಣೆ ಸುರಿದರು. ಕಬ್ಬಿಣದ ಮೇಲೆ ಎಣ್ಣೆ ಸೀದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹೊರಗೆ ಬಂದುಬಿಟ್ಟೆ. ಹೆಂಡತಿಗೆ ಸಿಟ್ಟು ಬಂತು. ಅವಳಿಗೂ ಇದನ್ನು ನಾನು ಹೇಳಿಲ್ಲ...

ಕೊಯಮತ್ತೂರಿನ ನೇಕಾರರ ಬೀದಿಯಲ್ಲಿ ಮಾಮನದು ನಮ್ಮ ಪಕ್ಕದ ಮನೆ. ಸಂಬಂಧವೇನೂ ಇರಲಿಲ್ಲ, ಆದರೂ ನಾನು ಮಾಮ ಎನ್ನುತ್ತಿದ್ದೆ, ಅವರು ನನ್ನನ್ನು ಮಾಪಿಳ್ಳೆ, ಅಂದರೆ ಅಳಿಯ, ಎನ್ನುತ್ತಿದ್ದರು. ಎಂಬತ್ತರ ದಶಕದ ಮಾತು. ಮಗ್ಗ ಬಿಟ್ಟು ಹಳೆಯ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಅವರ ಹೆಂಡತಿ, ನನ್ನ ಬಾಯಲ್ಲಿ ಅತ್ತೆ, ಮಾತ್ರ ಮಗ್ಗ ಬಿಟ್ಟಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ತಾಯಿ ಇಲ್ಲದ ತನ್ನ ತಮ್ಮನನ್ನು ಅತ್ತೆಯೇ ಎತ್ತಿ ಆಡಿಸಿ ಸಾಕಿದ್ದರು. ಅವನೂ ದೊಡ್ಡವನಾಗಿ ಅದೇ ಕಾರು ಓಡಿಸುತ್ತಿದ್ದ.

ಒಮ್ಮೆ ವಾಲ್ಪಾರೈ ಘಟ್ಟ ಇಳಿಯುವಾಗ ಆ ಹುಡುಗನ ಕಾಲಡಿಯಲ್ಲಿ ಬ್ರೇಕ್ ಕಾದು ಸೋತುಹೋಯಿತು. ಕಾರು ಗುಡ್ಡಕ್ಕೆ ಉಜ್ಜಿಕೊಂಡು ನಿಂತಿತು, ಅವನು ಉಳಿದ. ಆಮೇಲೆ ಮಾಮನಿಗೆ ನೆಮ್ಮದಿಯೇ ಇರಲಿಲ್ಲ. ಮುಂದಿನ ಚಕ್ರಗಳಿಗೆ ಹಳೆಯ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕುತ್ತೇನೆಂದು ಹಟ ಹಿಡಿದರು. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಅದನ್ನು ಎರಡೂ ಬದಿಯಿಂದ ಅವುಚಿ ಹಿಡಿಯುವುದು ಕ್ಯಾಲಿಪರ್. ಉಕ್ಕಡದ ಹಳೇ ಕಬ್ಬಿಣದ ಅಂಗಡಿಯಲ್ಲಿ ಎರಡು ಜೊತೆ ಕ್ಯಾಲಿಪರ್ ಸಿಕ್ಕವು, ಒಂದು ದೊಡ್ಡದು, ಒಂದು ಚಿಕ್ಕದು.

ದೊಡ್ಡದೇ ಇರಲಿ ಎಂದು ಇಡೀ ಬೀದಿ ಹೇಳಿತು. ಬ್ರೇಕಿನ ಬಗ್ಗೆ ಏನೇನೂ ಗೊತ್ತಿಲ್ಲದ ನಮ್ಮಪ್ಪನೂ ಹೇಳಿದರು. ಅತ್ತೆಯಂತೂ ಬಾಗಿಲಲ್ಲೇ ನಿಂತು, "ದೊಡ್ಡದೇ ತಕ್ಕೊಂಡು ಬನ್ನಿ. ಜೀವದ ವಿಷಯದಾಗ ಕಂಜೂಸ್ತನ ಯಾಕೆ?" ಎಂದರು. ಮಾಮ ಚಿಕ್ಕದನ್ನೇ ತಂದರು. "ಮಾಪಿಳ್ಳೆ, ಪೆಡಲ್ ಒತ್ತಿದ್ರೆ ತಳ್ಳೋ ಆಯಿಲ್ ಇಷ್ಟೇ. ದೊಡ್ಡದಕ್ಕೆ ಅದು ಸಾಲದು, ಕಾಲು ಕೆಳಗೆ ಹೋಗ್ತದೆ, ಕಾರು ನಿಲ್ಲಲ್ಲ" ಎಂದು ನನಗೊಬ್ಬನಿಗೇ ಹೇಳಿದರು. ಹೆಂಡತಿಗೆ ಬಿಡಿಸಿ ಹೇಳುವ ತಾಳ್ಮೆ ಆ ಮನುಷ್ಯನಿಗೆ ಯಾವತ್ತೂ ಇರಲಿಲ್ಲ. ನಾನು ಪಂಪ್‌ಸೆಟ್ ವರ್ಕ್‌ಶಾಪಿನಲ್ಲಿ ಲೇತ್ ಕೆಲಸಕ್ಕಿದ್ದೆ. ಕ್ಯಾಲಿಪರ್ ಕೂರಿಸುವ ಪಟ್ಟಿಯನ್ನು ನಾನೇ ಕಡೆದು ಕೊಟ್ಟೆ. ಮೊದಲ ಸಲ ಬ್ರೇಕ್ ಒತ್ತಿದಾಗ ಕಾರು ನಿಂತ ಬಿರುಸಿಗೆ ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು. ಮಾಮ ಬಿದ್ದು ಬಿದ್ದು ನಕ್ಕರು.

ಕೆಲವು ತಿಂಗಳಲ್ಲಿ ಆಯುಧಪೂಜೆ ಬಂತು. ಕಾರು ತೊಳೆದು, ಬಣ್ಣ ಬಳಿಯಲೆಂದು ಚಕ್ರ ಬಿಚ್ಚಿಟ್ಟಿದ್ದರು. ನೀರು ತಾಗಿದ ಡಿಸ್ಕಿನ ಮೇಲೆ ಬೆಳಗಾಗುವಷ್ಟರಲ್ಲಿ ಕೆಂಪಗೆ ತುಕ್ಕು ಕಟ್ಟಿತ್ತು. ತುಕ್ಕಿನ ಕಬ್ಬಿಣಕ್ಕೆ ಕುಂಕುಮ ಇಡಬಾರದು ಎನ್ನುವುದು ಆ ಮನೆಯ ರೂಢಿ. ಮಗ್ಗದ ಕಬ್ಬಿಣ, ಕತ್ತರಿ, ಈಳಿಗೆಮಣೆ, ಎಲ್ಲವನ್ನೂ ಅತ್ತೆ ಕಡಲೆಕಾಯಿ ಎಣ್ಣೆಯ ಬಟ್ಟೆಯಲ್ಲಿ ಉಜ್ಜಿ ಹೊಳೆಯಿಸುತ್ತಿದ್ದರು. ಮಾಮ ಹೂವು ತರಲು ಹೋಗಿದ್ದಾಗ ಅದೇ ಬಟ್ಟೆಯಲ್ಲಿ ಡಿಸ್ಕನ್ನೂ...

ಪೂಜೆ ಮುಗಿದ ಮೇಲೆ ಅತ್ತೆಯ ತಮ್ಮನೇ ಚಕ್ರ ಕೂರಿಸಿದ. ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿ, ಅಕ್ಕನಿಗೆ ಕೈಬೀಸಿ, ಬಾಡಿಗೆಯವರನ್ನು ಕರೆತರಲು ಪೊಳ್ಳಾಚಿ ರಸ್ತೆಗೆ ಹೊರಟ. ಊರು ದಾಟಿ ವೇಗ ಹಿಡಿದಿದ್ದ. ಮುಂದೆ ತೆಂಗಿನಕಾಯಿ ಲಾರಿ ತಟ್ಟನೆ ನಿಂತಿತು. ಅವನ ಕಾರು ನಿಲ್ಲಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ಮರುದಿನ ಮಾಮ, ನಾನು ಇಬ್ಬರೇ ಹೋಗಿ ನಜ್ಜುಗುಜ್ಜಾದ ಕಾರಿನ ಚಕ್ರ ಬಿಚ್ಚಿದೆವು. ಸೀದ ಕಡಲೆಕಾಯಿ ಎಣ್ಣೆಯ ವಾಸನೆ. ಡಿಸ್ಕಿನ ನಡುವೆ ಕುಂಕುಮದ ಬೊಟ್ಟು. ಎಣ್ಣೆ ಹತ್ತಿದ ತಟ್ಟೆಯನ್ನು ಯಾವ ಕ್ಯಾಲಿಪರೂ ಹಿಡಿಯಲಾರದು, ಜಾರುತ್ತದೆ. ಮಾಮ ಬೆರಳಿಂದ ಡಿಸ್ಕ್ ಸವರಿ ಮೂಸಿ ನೋಡಿದರು. ಆಮೇಲೆ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಎಲ್ಲವನ್ನೂ ಒರೆಸಿಬಿಟ್ಟರು.

"ನಾನು ಸಣ್ಣದು ತಕ್ಕೊಂಡೆ, ಅದಕ್ಕೇ ನಿಲ್ಲಿಲ್ಲ. ಯಾರು ಕೇಳಿದ್ರೂ ಅಷ್ಟೇ ಹೇಳು, ಮಾಪಿಳ್ಳೆ."

ನಾನು ಬಾಯಿ ತೆರೆಯುವ ಮೊದಲೇ ಮತ್ತೆ ಹೇಳಿದರು, "ನನ್ನ ಬೈಕೊಂಡಾದ್ರೂ ಅವಳು ಬದುಕಲಿ."

ಅತ್ತೆ ಬೈದರು. ಬೀದಿಯೇ ಬೈದಿತು, ಎಷ್ಟು ಹೇಳಿದರೂ ಕೇಳಲಿಲ್ಲ ಎಂದು ನಮ್ಮಪ್ಪ ಎದುರಿಗೇ ಅಂದರು. ಮಾಮ ತಲೆ ತಗ್ಗಿಸಿ ಹೂಂ ಎಂದರು. ಬೈಗುಳ ಮುಗಿದ ಮೇಲೆ ಅತ್ತೆ ಮಾತೇ ಬಿಟ್ಟರು. ಊಟದ ತಟ್ಟೆ ತಂದಿಟ್ಟು ಒಳಗೆ ಹೋಗುತ್ತಿದ್ದರು, ಅಷ್ಟೆ. ಮಾಮ ಮತ್ತೆ ಕಾರು ಮುಟ್ಟಲಿಲ್ಲ. ಸಾಯುವವರೆಗೂ ಹೀಗೇ ನಡೆಯಿತು. ಅಂಥ ಮನುಷ್ಯನಿಗೆ ಅಂಥ ಮುದಿತನ ಬರಬಾರದಿತ್ತು.

ಮೊನ್ನೆ ಮಾಮನ ಒಂದು ಹಳೆಯ ಫೋಟೋಗೆ ಕಟ್ಟು ಹಾಕಿಸಿಕೊಂಡು ಅತ್ತೆಯ ಮನೆಗೆ ಹೋದೆ. ಕಣ್ಣು ಮಂಜಾಗಿದೆ, ಬುದ್ಧಿ ಚುರುಕಾಗಿದೆ. ಗೋಡೆಯಲ್ಲಿ ತಮ್ಮನ ಫೋಟೋ ಒಂದೇ ಇತ್ತು, ಹೂ ಮುಡಿಸಿತ್ತು. ನಾನು ತಂದದ್ದನ್ನು ಅತ್ತೆ ಕೈಯಲ್ಲೇ ಸವರಿ, ಯಾರದೆಂದು ಕೇಳಿ, ಹಿಂದಕ್ಕೆ ಚಾಚಿದರು.

"ವೇಂಡಾ ಕಣಪ್ಪ, ಬೇಡ. ನನ್ನ ತಮ್ಮನ ಪಕ್ಕದಾಗ ಇವರನ್ನ ಹೆಂಗೆ ಇಡ್ಲಿ? ನೀನೂ ಜತೆಗೆ ಇದ್ದೆಯಲ್ಲ, ಹೇಳು... ತಪ್ಪು ಅವರದು ತಾನೆ?"

"ಆಮಾ ಅತ್ತೆ, ಅವರದೇ" ಎಂದೆ.

ಫೋಟೋ ಈಗ ನಮ್ಮ ಮನೆಯಲ್ಲಿದೆ.